ಅಪ್‌ಡೇಟ್: ಪ್ರಾಣಿಶಾಸ್ತ್ರದಿಂದ ಅರ್ಥಶಾಸ್ತ್ರದ ಎಂ.ಎ.ಗೆ

ಪ್ರಾಣಿಶಾಸ್ತ್ರದ ಪದವೀಧರೆಯಾದ ನಾನು ಅರ್ಥಶಾಸ್ತ್ರದ ಎಂ.ಎ.ಗೆ ಸಿದ್ಧಳಾಗುವುದು ಹೇಗೆಂದು 20 ದಿನಗಳ ಹಿಂದೆ ಕೇಳಿದ್ದೆ. ದಾರಿ ಸಿಕ್ಕಿತು!

ಐಐಟಿ ಜಾಮ್‌ನ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಹಳೆಯ ಪ್ರಶ್ನೆಪತ್ರಿಕೆಗಳನ್ನೇ ನೇರವಾಗಿ ಬಿಡಿಸುವ ಸಲಹೆ ನನಗೆ ಒಗ್ಗಲಿಲ್ಲ, ಸಂಖ್ಯಾಶಾಸ್ತ್ರದಲ್ಲೇ ಸಿಕ್ಕಿಬಿದ್ದೆ. "ಮೊದಲು ಪಿಯುಸಿ ಗಣಿತ ತೆಗೆಯಿರಿ" ಎಂದವರಿಗೆ ಮನಸಾರೆ ಧನ್ಯವಾದ. ಉಡುಪಿಯ ಮನೆಯ ಅಟ್ಟದಿಂದ ಗೆದ್ದಲು ತಿಂದ ಪುಸ್ತಕ ಇಳಿಸಿ ಅವಕಲನವನ್ನು, ಅಂದರೆ ಒಂದು ಬದಲಾದಂತೆ ಇನ್ನೊಂದು ಯಾವ ದರದಲ್ಲಿ ಬದಲಾಗುತ್ತದೆ ಎಂಬ ಲೆಕ್ಕವನ್ನು, ಮತ್ತೆ ಕಲಿತೆ. ಇನ್ನೊಂದು ಬುಟ್ಟಿ ಬಂಗುಡೆ ಹಿಡಿಯಲು ಮಲ್ಪೆಯ ದೋಣಿಗೆ ತಗಲುವ ಹೆಚ್ಚುವರಿ ಖರ್ಚೇ ಸೀಮಾಂತ ವೆಚ್ಚ, ಅದು ಒಟ್ಟು ವೆಚ್ಚದ ಅವಕಲನ ಎಂದು ಹೊಳೆದಾಗ ಎಷ್ಟು ಖುಷಿಯಾಯಿತು!

ಅಚ್ಚರಿಯೆಂದರೆ, ಜೀವಿಸಂಖ್ಯೆಯ ಬೆಳವಣಿಗೆಗೆ ನಾವು ಬರೆಯುತ್ತಿದ್ದ ಲಾಜಿಸ್ಟಿಕ್ ಸಮೀಕರಣವೇ (ಮೊದಲು ವೇಗವಾಗಿ ಬೆಳೆದು, ಮಿತಿ ಹತ್ತಿರವಾದಂತೆ ನಿಧಾನವಾಗುವ ಬೆಳವಣಿಗೆಯ ಸೂತ್ರ) ಮೀನುಗಾರಿಕೆಯ ಅರ್ಥಶಾಸ್ತ್ರಕ್ಕೂ ಬುನಾದಿ. ಓದಿದ್ದು ವ್ಯರ್ಥವಾಗಿಲ್ಲ. ಈಗ ಸೂಕ್ಷ್ಮ ಅರ್ಥಶಾಸ್ತ್ರದ ಪ್ರಶ್ನೆಗಳು ಬಿಡಿಸಲು ಬರುತ್ತಿವೆ. ನಾಳೆಯಿಂದ ಸಂಭವನೀಯತೆ.