ಗಟ್ಟಿಯಾಗಿ ಒತ್ತಬೇಕಾದ ಕೀಬೋರ್ಡನ್ನು ಆರಿಸುವುದು ಹೇಗೆ?

ಪ್ರಶ್ನೆ: ಮಾನ್ಯರೇ, ಬೆರಳಚ್ಚು ಯಂತ್ರದಲ್ಲಿ ಕೈ ಪಳಗಿಸಿಕೊಂಡ ನಾನು ಈಗ ದಿನಕ್ಕೆ ಆರೇಳು ಗಂಟೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಕೀಲಿ ವಿನ್ಯಾಸದಲ್ಲಿ ದಸ್ತಾವೇಜುಗಳನ್ನು ಟೈಪ್ ಮಾಡುತ್ತೇನೆ. ಕಚೇರಿಯ ಕೀಬೋರ್ಡ್ ಎಷ್ಟು ಮೆದುವೆಂದರೆ, ಎಡ ತೋರುಬೆರಳನ್ನು ಎಫ್ ಕೀಲಿಯ (ನುಡಿಯಲ್ಲಿ ಅರ್ಧಾಕ್ಷರ ಮಾಡುವ ಕೀಲಿ) ಮೇಲೆ ಸುಮ್ಮನೆ ಇರಿಸಿದರೂ ‘ಕನಕ’ ಎಂಬುದು ‘ಕನ್ಕ’ ಆಗಿಬಿಡುತ್ತದೆ. ಇದಕ್ಕಿಂತ ಬಿಗಿಯಾದುದನ್ನು ಹೇಗೆ ಆರಿಸಲಿ?

ಉತ್ತರ: ನಮಸ್ಕಾರ. ಸಾಧಾರಣ ಕೀಬೋರ್ಡಿನ ಕೀಲಿಗಳಡಿ ಇರುವ ರಬ್ಬರ್ ಹಾಳೆ ಹಳತಾದಂತೆ ಸೋಲುತ್ತದೆ; ಆದ್ದರಿಂದ ಪ್ರತಿ ಕೀಲಿಯಡಿಯೂ ಸ್ಪ್ರಿಂಗ್ ಉಳ್ಳ ಪ್ರತ್ಯೇಕ ಸ್ವಿಚ್ಚು ಇರುವ ಮೆಕ್ಯಾನಿಕಲ್ ಕೀಬೋರ್ಡನ್ನೇ ನೋಡಿರಿ. ಈ ಸ್ವಿಚ್ಚುಗಳ ಬಗೆಗಳನ್ನು ಬಣ್ಣದ ಹೆಸರಿನಿಂದ ಗುರುತಿಸುತ್ತಾರೆ. ಚೆರ್ರಿ ಕಂಪನಿಯ ಕೆಂಪು ಸ್ವಿಚ್ಚು ಸುಮಾರು 45 ಗ್ರಾಂ ಒತ್ತಡಕ್ಕೆ ಅಕ್ಷರ ಮೂಡಿಸಿದರೆ, ಕಪ್ಪು ಸ್ವಿಚ್ಚಿಗೆ ಸುಮಾರು 60 ಗ್ರಾಂ ಬೇಕು. ಇವೆರಡರಲ್ಲೂ ಕೀಲಿ ತಡೆಯಿಲ್ಲದೆ ನೇರವಾಗಿ ಇಳಿಯುತ್ತದೆ. ಬೆರಳಿಟ್ಟು ವಿರಮಿಸುವ ಅಭ್ಯಾಸವಿರುವ ತಮಗೆ, ಅಕ್ಷರ ಮೂಡುವ ಮುನ್ನ ಒಂದು ಉಬ್ಬನ್ನು ದಾಟಬೇಕಾದ, ಅದೇ ಕಂಪನಿಯ ‘ಕ್ಲಿಯರ್’ ಎಂಬ ಸ್ವಿಚ್ಚು ಹೆಚ್ಚು ಹೊಂದೀತು ಎಂಬುದು ನನ್ನ ಅಭಿಪ್ರಾಯ. ಆ ಉಬ್ಬಿಗೆ ಸುಮಾರು 65 ಗ್ರಾಂ ಬೇಕು. ಸುಮಾರು 80 ಗ್ರಾಮಿನ ಹಸಿರು ಸ್ವಿಚ್ಚನ್ನು ದಿನವಿಡೀ ಟೈಪ್ ಮಾಡುವವರಿಗೆ ನಾನು ಕೊಡುವುದಿಲ್ಲ.

ಕೆಲವು ತಯಾರಕರು ಅಕ್ಷರ ಮೂಡುವ ಒತ್ತಡವನ್ನೂ ಕೆಲವರು ಕೀಲಿ ತಳ ಮುಟ್ಟುವ ಒತ್ತಡವನ್ನೂ ನಮೂದಿಸುವುದರಿಂದ, ಅಂಗಡಿಯಲ್ಲೇ ಅಳೆದು ನೋಡುವುದು ಮೇಲು. ಕೀಲಿಯ ಮೇಲೆ ರಬ್ಬರಿನ ಸಣ್ಣ ತುಂಡೊಂದನ್ನು ಇಟ್ಟು (ಇಲ್ಲವಾದರೆ ನಾಣ್ಯ ಅಕ್ಕಪಕ್ಕದ ಕೀಲಿಗಳ ಮೇಲೆ ಕೂರುತ್ತದೆ), ಅದರ ಮೇಲೆ ಹತ್ತು ರೂಪಾಯಿಯ ನಾಣ್ಯಗಳನ್ನು ಒಂದೊಂದಾಗಿ ಮೆಲ್ಲಗೆ ಪೇರಿಸಿರಿ. ನಾಣ್ಯವೊಂದರ ತೂಕ ಸುಮಾರು 7.7 ಗ್ರಾಂ, ಎಂಟನೆಯದನ್ನು ಇಡುವ ಹೊತ್ತಿಗೆ ಅಕ್ಷರ ಮೂಡಿದರೆ ಅದು ಹೆಚ್ಚುಕಡಿಮೆ ಕಪ್ಪು ಸ್ವಿಚ್ಚಿನ ಬಿಗಿ.

ಇನ್ನೊಂದು ಮಾತನ್ನು ದಯವಿಟ್ಟು ಅಲಕ್ಷಿಸಬೇಡಿ. ನುಡಿ ವಿನ್ಯಾಸದಲ್ಲಿ ಮಹಾಪ್ರಾಣಗಳಿಗೂ ದೀರ್ಘಸ್ವರಗಳಿಗೂ ಣ, ಳಗಳಿಗೂ ಶಿಫ್ಟ್ ಒತ್ತಬೇಕಾದ್ದರಿಂದ, ಕನ್ನಡ ಟೈಪ್ ಮಾಡುವವರ ಕಿರುಬೆರಳಿಗೆ ಬಿಡುವೇ ಇರುವುದಿಲ್ಲ. ಬೆಸುಗೆಯಿಲ್ಲದೆ ಸ್ವಿಚ್ಚುಗಳನ್ನು ಕಿತ್ತು ಬದಲಿಸಬಹುದಾದ ಕೀಬೋರ್ಡನ್ನು ಕೊಂಡು, ಎರಡೂ ಶಿಫ್ಟ್ ಕೀಲಿಗಳಿಗೆ 45 ಗ್ರಾಮಿನ ಸ್ವಿಚ್ಚನ್ನೇ ಹಾಕಿಸಿರಿ.

ಪ್ರಶ್ನೆ: ಧನ್ಯವಾದಗಳು. ಬೆರಳಚ್ಚು ಯಂತ್ರಕ್ಕೆ ಇನ್ನೂ ಹತ್ತಿರವಾದುದು ಇದೆಯೇ?

ಉತ್ತರ: ಇದೆ. ಐಬಿಎಂ 1985ರಲ್ಲಿ ತಂದ ‘ಮಾಡೆಲ್ ಎಂ’ ಕೀಬೋರ್ಡಿನಲ್ಲಿ ಒತ್ತಿದ ಸ್ಪ್ರಿಂಗ್ ಥಟ್ಟನೆ ಬಾಗಿ, ಸದ್ದು ಕೇಳಿದ ಕ್ಷಣದಲ್ಲೇ ಅಕ್ಷರ ಮೂಡುತ್ತದೆ. ಅಮೆರಿಕದ ಯೂನಿಕಾಂಪ್ ಕಂಪನಿ ಅದೇ ಬಗೆಯದನ್ನು ಮುಂದುವರಿಸಿಕೊಂಡು ಬಂದಿದೆ. ಸದ್ದು ಮಾತ್ರ ಬಹಳ ಜೋರು. ತಮ್ಮ ಪಕ್ಕದಲ್ಲಿ ಇತರರು ಕುಳಿತು ಕೆಲಸ ಮಾಡುವುದಾದರೆ ಕ್ಲಿಯರ್ ಸ್ವಿಚ್ಚನ್ನೇ ಕೊಳ್ಳಿರಿ.