ಜಿಂಕೆ ಬೇಟೆಯ ಸ್ಪರ್ಧೆಗೆ ಸನ್ಮಾನ: ತಮ್ಮನಿಗೆ ಏನು ಬರೆದುಕೊಡಲಿ?

ಪ್ರಶ್ನೆ (ಔರಾದ್, ಬೀದರ್ ಜಿಲ್ಲೆ)
ನನ್ನ ತಮ್ಮ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸಣ್ಣ ಊರೊಂದರಲ್ಲಿದ್ದಾನೆ. ಅಲ್ಲಿನ ಅಂಗಡಿಯವರು ಹಲವು ದಶಕಗಳಿಂದ ಪ್ರತಿ ನವೆಂಬರ್‌ನಲ್ಲಿ ನಡೆಸಿಕೊಂಡು ಬಂದಿರುವ ಜಿಂಕೆ ಬೇಟೆಯ ಸ್ಪರ್ಧೆಗೆ ಊರವರು ಸನ್ಮಾನ ಇಟ್ಟುಕೊಂಡಿದ್ದು, ಅವನೂ ನಾಲ್ಕು ಮಾತು ಆಡಬೇಕಂತೆ. ಬರೆದುಕೊಡು ಎಂದು ದುಂಬಾಲು ಬಿದ್ದಿದ್ದಾನೆ. ಕೃಷ್ಣಮೃಗಗಳು ತೊಗರಿಯ ಕುಡಿಯನ್ನು ಸಾಲು ಹಿಡಿದು ಚಿವುಟಿದರೂ ತಗಡು ಬಡಿದು ಓಡಿಸುವುದಷ್ಟೇ ಗೊತ್ತಿರುವ ನನಗೆ ಬೇಟೆಯನ್ನು ಹೊಗಳಲು ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ದಾರಿ ತೋರಿಸಬೇಕು.

ಉತ್ತರ 1 (ಶಹಾಪುರ)
ಇಲ್ಲಿಯ ಕಾನೂನಿನಿಂದ ಅಲ್ಲಿಯದನ್ನು ಅಳೆಯಬೇಡಿ, ಸರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಕೃಷ್ಣಮೃಗವನ್ನು ಕೊಂದರೆ ಇಲ್ಲಿ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಸೆರೆಮನೆ. ಅಲ್ಲಿ ಬಿಳಿಬಾಲದ ಜಿಂಕೆಗಳ ಸಂಖ್ಯೆ ಕೈಮೀರದಿರಲೆಂದು ಸರ್ಕಾರವೇ ಪರವಾನಗಿ ಕೊಡುತ್ತದೆ. ಬಂದೂಕಿನ ಮುಖ್ಯ ಹಂಗಾಮು 9 ದಿನ, ಹೊಡೆದ ಪ್ರತಿಯೊಂದು ಜಿಂಕೆಯನ್ನೂ ನೋಂದಾಯಿಸಬೇಕು. ಬಂದೂಕು, ತೋಟಾಗಳ ಮೇಲಿನ ತೆರಿಗೆ 1937ರ ಕಾಯ್ದೆಯಂತೆ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ.

ಅಂದಹಾಗೆ, ನಾವು ಎರಡನ್ನೂ ಜಿಂಕೆ ಎಂದರೂ ಅವು ಬೇರೆ ಕುಲದವು. ಅಲ್ಲಿಯ ಗಂಡಿನ ಕವಲುಗೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಮೂಡುತ್ತದೆ; ನಮ್ಮ ಕೃಷ್ಣಮೃಗದ ತಿರುಚುಗೋಡು ಅದು ಬದುಕಿರುವ ತನಕ ಉದುರುವುದಿಲ್ಲ.

ಉತ್ತರ 2 (ಕಲಬುರಗಿ)
ಶಹಾಪುರದವರ ಮಾತು ಅರ್ಧ ಮಾತ್ರ ಸರಿ. ಸಂಖ್ಯೆ ತಗ್ಗಬೇಕಾದರೆ ಹೆಣ್ಣನ್ನು ಹೊಡೆಯಬೇಕು. ದೊಡ್ಡ ಕೊಂಬಿಗೆ ಬಹುಮಾನವಿಟ್ಟರೆ ಎಲ್ಲರ ಕಣ್ಣೂ ಬಲಿತ ಗಂಡಿನ ಮೇಲೆಯೇ ಇರುತ್ತದೆ. ಹೀಗಿರುವಾಗ ಸ್ಪರ್ಧೆಯೇ ಕಾಡನ್ನು ಕಾಯುತ್ತಿದೆ ಎಂದು ನಿಮ್ಮ ತಮ್ಮನವರು ಹೇಳಿದರೆ ಅತಿಯಾದೀತು. ಆದರೆ ಜಿಂಕೆಯ ಮಿದುಳನ್ನು ಕೊರೆಯುವ ವಾಸಿಯಾಗದ ರೋಗವೊಂದು 2002ರಲ್ಲಿ ಆ ರಾಜ್ಯದಲ್ಲಿ ಪತ್ತೆಯಾದ ಮೇಲೆ, ಅದು ಎಲ್ಲಿಗೆ ಹಬ್ಬಿದೆ ಎಂಬುದು ತಿಳಿಯುತ್ತಿರುವುದು ಬಹುಮಟ್ಟಿಗೆ ಬೇಟೆಗಾರರು ಪರೀಕ್ಷೆಗೆ ಕೊಡುವ ಕುತ್ತಿಗೆಯ ಗ್ರಂಥಿಗಳಿಂದ. ಆ ಅಂಗಡಿಯವರು ಅದನ್ನು ಕೊಡಿಸುತ್ತಾರೆಯೇ, ದಾಖಲೆ ಇಟ್ಟಿದ್ದಾರೆಯೇ ಎಂದು ಮೊದಲು ಕೇಳಿ. ಸನ್ಮಾನಕ್ಕೆ ತಕ್ಕದ್ದು ಅದು.

ಪ್ರಶ್ನೆ ಕೇಳಿದವರು
ಕೇಳಿದೆ. ಪರೀಕ್ಷೆಗೆ ಕೊಡುವುದು ಅವರವರ ಇಷ್ಟವಂತೆ. ಆದರೆ ಮೊದಲ ವರ್ಷದಿಂದ ಬರೆದಿಟ್ಟ ವಹಿಯೊಂದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆಯಂತೆ. ತೂಕ, ಕೊಂಬಿನ ಕವಲು, ಹೊಡೆದ ಜಾಗ ಎಲ್ಲವೂ ಅದರಲ್ಲಿದ್ದು, ಮೂರು ಕೈಗಳ ಅಕ್ಷರ ಕಾಣುತ್ತದೆ ಎಂದು ತಮ್ಮ ಫೋಟೊ ಕಳಿಸಿದ್ದಾನೆ. ಬೇಟೆಯನ್ನು ಬಿಟ್ಟು ಆ ವಹಿಯ ಬಗ್ಗೆ ಒಂದು ಪುಟ ಬರೆದುಕೊಟ್ಟೆ.