ಆರು ಬಾಟ್ಲಿ, ಆರು ಲೇಬಲ್, ನಾಲಿಗೆಗೆ ಮಾತ್ರ ಎಲ್ಲಾ ಕಹಿ: ಕ್ರಾಫ್ಟ್ ಬಿಯರ್ ಹೋಲಿಸಿ ನೋಡೋದು ಹೇಗೆ?

ಗುಮ್ಮಟದ ನೆರಳು (ವಿಜಯಪುರ) ಕೇಳಿದ್ದು:

ನಮಸ್ಕಾರ. ನನಗೆ 42 ವರ್ಷ. ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇದೆ. ಇಷ್ಟು ವರ್ಷ ಬಿಯರ್ ಅಂದ್ರೆ ನನಗೆ ಒಂದೇ ಅರ್ಥ ಇತ್ತು. ಏಪ್ರಿಲ್ ತಿಂಗಳು, ಶಟರ್ ಮುಟ್ಟಿದರೆ ಕೈ ಸುಡುವಂಥ ಬಿಸಿಲು, ರಾತ್ರಿ ತಣ್ಣಗಿನ ಒಂದು ಬಾಟ್ಲಿ. ಅದರ ರುಚಿ ಏನು ಅಂತ ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಹೋದ ತಿಂಗಳು ಭಾವಮೈದ ಬೆಂಗಳೂರಿನಿಂದ ಕಾರಲ್ಲಿ ಬಂದ. ಡಿಕ್ಕಿಯಲ್ಲಿ ಆರು ಬಾಟ್ಲಿ ಕ್ರಾಫ್ಟ್ ಬಿಯರ್ (ಸಣ್ಣ ತಯಾರಕರು ಬಗೆಬಗೆ ರುಚಿಯಲ್ಲಿ ಮಾಡುವಂಥದ್ದು), ಬಿಲ್ ಸಮೇತ. ಒಂದೊಂದೂ 330 ಮಿ.ಲೀ. ಪಿಲ್ಸ್ನರ್, ವಿಟ್‌ಬಿಯರ್, ಹೆಫೆವೈಜನ್, ಐಪಿಎ, ಡುಬ್ಬೆಲ್, ಸ್ಟೌಟ್. ಹೆಸರು ಓದುವುದಕ್ಕೇ ಅರ್ಧ ಗಂಟೆ ಹೋಯ್ತು. "ಭಾವ, ಒಂದೊಂದರ ರುಚಿ ಬೇರೆ, ಹೋಲಿಸಿ ನೋಡಿ" ಅಂತ ಹೇಳಿ ಅವನು ಮರುದಿನ ಹೊರಟುಬಿಟ್ಟ.

ಮೂರು ದಿನ ಆದ ಮೇಲೆ ನಾಲ್ಕು ಜನ ನಮ್ಮ ಮಾಳಿಗೆ ಮೇಲೆ ಕೂತೆವು. ಅಲ್ಲಿಂದ ಗೋಳಗುಮ್ಮಟದ ಮೇಲ್ಭಾಗ ಕಾಣುತ್ತದೆ, ಗಾಳಿಯೂ ಚೆನ್ನಾಗಿ ಬರುತ್ತದೆ. ಐಪಿಎ ಲೇಬಲ್ ಎಲ್ಲಕ್ಕಿಂತ ಚಂದ ಇತ್ತು, ಅದನ್ನೇ ಮೊದಲು ತೆಗೆದೆವು. ಜೊತೆಗೆ ಗಿರ್ಮಿಟ್, ಬಿಸಿ ಮಿರ್ಚಿ ಭಜಿ. ಬಾಯಿಗೆ ಬೆಂಕಿ ಬಿದ್ದ ಹಾಗಾಯ್ತು! ಅದಾದ ಮೇಲೆ ಏನು ಕುಡಿದರೂ ಕಹಿ. ಸ್ಟೌಟ್ ಸುಟ್ಟ ಕಹಿ, ಡುಬ್ಬೆಲ್ ಸಿಹಿ ಕಹಿ. ಕೊನೆಗೆ ತೆಗೆದ ವಿಟ್‌ಬಿಯರ್ ಬರೀ ನೀರು. ಪಿಲ್ಸ್ನರ್ ಬಾಟ್ಲಿ ಹಸಿರು ಬಣ್ಣದ್ದು, ಫ್ರಿಜ್ಜಲ್ಲಿ ಜಾಗ ಇಲ್ಲ ಅಂತ ಮೂರು ದಿನ ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದೆ. ಅದರ ಮುಚ್ಚಳ ತೆಗೆದಾಗ ಸುಟ್ಟ ರಬ್ಬರ್, ಕೆಟ್ಟ ಬೆಳ್ಳುಳ್ಳಿ ಸೇರಿದ ವಾಸನೆ. ಗೆಳೆಯನೊಬ್ಬ "ಇದಕ್ಕೆ ಇಷ್ಟು ದುಡ್ಡಾ?" ಅಂದ. ನನಗೆ ಉತ್ತರ ಗೊತ್ತಿರಲಿಲ್ಲ.

ಮುಂದಿನ ವಾರ ಭಾವಮೈದ ಮತ್ತೆ ಬರುತ್ತಾನೆ. ಅದೇ ಆರು ಬಗೆ ತರಲು ಹೇಳಿದ್ದೇನೆ. ತಪ್ಪು ಬಿಯರಿನದೋ ನಮ್ಮದೋ ತಿಳಿಯಬೇಕು. ಯಾವುದು ಮೊದಲು, ಯಾವುದು ಆಮೇಲೆ? ಏನು ನೋಡಬೇಕು? ಇನ್ನೊಂದು ಮಾತು, ಸ್ಟೀಲ್ ಲೋಟ ನಡೆಯುತ್ತದಾ?

ಮುಧೋಳ ಕಡೆಯವ (ಬಾಗಲಕೋಟೆ):

ಸ್ಟೀಲ್ ಲೋಟದಲ್ಲಿ ಕುಡಿದಿರಾ? ಹಾಗಾದರೆ ಒಂದರ ಬಣ್ಣವೂ ನೋಡಿಲ್ಲ ನೀವು. ಆರರಲ್ಲಿ ಅರ್ಧ ಮಜಾ ಅಲ್ಲೇ ಹೋಯ್ತು.

ಫೌಂಡ್ರಿ ಕೈ (ಬೆಳಗಾವಿ):

ತಪ್ಪು ನಿಮ್ಮದೇ, ಬೇಜಾರಾಗಬೇಡಿ. ನಾನು ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದೇನೆ. ಪೀಣ್ಯದಲ್ಲಿ ಆರು ವರ್ಷ ಕೆಲಸ ಮಾಡಿ ಈಗ ಉದ್ಯಮಬಾಗ್‌ನಲ್ಲಿದ್ದೇನೆ. ಬೆಂಗಳೂರಲ್ಲಿ ಮೊದಲ ಸಲ ಬ್ರೂಪಬ್‌ಗೆ (ಬಿಯರ್ ಅಲ್ಲೇ ತಯಾರಿಸಿ ಕೊಡುವ ಪಬ್) ಹೋದಾಗ ಸ್ಟೌಟ್‌ಗೆ ಐಸ್ ಕೇಳಿದ್ದೆ. ತಂದುಕೊಡುವ ಹುಡುಗ ಏನೂ ಅನ್ನಲಿಲ್ಲ, ಆದರೆ ಐಸೂ ತರಲಿಲ್ಲ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಿಸಿಕೊಳ್ಳಿ, ಆಮೇಲೆ ಎಲ್ಲಾ ಸಲೀಸು. ರುಚಿ ಬರುವುದು ಮುಖ್ಯವಾಗಿ ಮೂರು ಕಡೆಯಿಂದ. ಜವೆಗೋಧಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಮನೆಯಲ್ಲಿ ಮಗುವಿಗೆ ರಾಗಿ ಮಾಲ್ಟ್ ಮಾಡ್ತೇವಲ್ಲ, ಅದೇ ಕೆಲಸ. ಅದನ್ನು ಎಷ್ಟು ಹುರಿಯುತ್ತಾರೆ ಅನ್ನೋದರ ಮೇಲೆ ಬಣ್ಣ. ಎರಡನೆಯದು ಹಾಪ್ಸ್, ಒಂದು ಬಳ್ಳಿಯ ಹೂವು. ಕಹಿ ಅದರದು, ಹಣ್ಣು ಹೂವಿನ ಘಮವೂ ಅದರದೇ. ಮೂರನೆಯದು ಯೀಸ್ಟ್. ಜನ ಇದನ್ನು ಮರೆತುಬಿಡುತ್ತಾರೆ, ಆದರೆ ನಿಮ್ಮ ಹೆಫೆವೈಜನ್‌ನಲ್ಲಿ ದೊಡ್ಡ ಆಟ ಆಡೋದು ಅದೇ. ಆ ಬಾಟ್ಲಿಗೆ ಬಾಳೆಹಣ್ಣೂ ಹಾಕಿಲ್ಲ, ಲವಂಗವೂ ಹಾಕಿಲ್ಲ. ಆದರೂ ಎರಡೂ ಮೂಗಿಗೆ ಬರುತ್ತವೆ. ಯೀಸ್ಟ್ ಹುಳಿ ಬರಿಸುವಾಗ ಹುಟ್ಟುವ ಘಮ ಅದು. ವಿಟ್‌ಬಿಯರ್ ಬೇರೆ. ಅದಕ್ಕೆ ನಿಜಕ್ಕೂ ಧನಿಯಾ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಬೆಲ್ಜಿಯಂನ ಹೂಗಾರ್ಡನ್ ಅನ್ನೋ ಊರಲ್ಲಿ ಈ ಬಗೆ ನಿಂತೇ ಹೋಗಿತ್ತು, 1960ರ ದಶಕದಲ್ಲಿ ಪಿಯರ್ ಸೆಲಿಸ್ ಅನ್ನುವವರು ಮತ್ತೆ ಶುರು ಮಾಡಿದರು. ಎರಡೂ ಗೋಧಿ ಬಿಯರೇ, ಎರಡೂ ಮಬ್ಬು ಹಳದಿ. ಪಕ್ಕಪಕ್ಕ ಇಟ್ಟು ನೋಡಿ, ಅಣ್ಣ ತಮ್ಮ ಅಂದುಕೊಂಡವರು ಬೇರೆ ಬೇರೆ ಮನೆಯವರು ಅಂತ ಗೊತ್ತಾಗುತ್ತದೆ.

ಸರದಿ ಹೀಗಿರಲಿ: ಪಿಲ್ಸ್ನರ್, ವಿಟ್‌ಬಿಯರ್, ಹೆಫೆವೈಜನ್, ಡುಬ್ಬೆಲ್, ಸ್ಟೌಟ್, ಎಲ್ಲಾ ಮುಗಿದ ಮೇಲೆ ಐಪಿಎ. ಸ್ಟೌಟ್ ಕೊನೆಗೆ ಇರಬೇಕು ಅನ್ನೋರಿದ್ದಾರೆ, ನನಗೆ ಒಪ್ಪಿಗೆ ಇಲ್ಲ. ಕಪ್ಪು ಅಂದ ಮಾತ್ರಕ್ಕೆ ಗಟ್ಟಿ ಅಲ್ಲ. ಐರಿಶ್ ಬಗೆಯ ಸ್ಟೌಟ್‌ನಲ್ಲಿ ಆಲ್ಕೋಹಾಲ್ ಸುಮಾರು 4ರಿಂದ 5 ಶೇಕಡಾ ಅಷ್ಟೇ, ಬೆಲ್ಜಿಯಂ ಬಗೆಯ ಕಂದು ಬಿಯರ್ ಡುಬ್ಬೆಲ್ 6 ದಾಟುತ್ತದೆ. ಆದರೆ ಐಪಿಎ ಹಾಪ್ಸಿನ ಕಹಿ ನಾಲಿಗೆ ಮೇಲೆ ಕೂತರೆ ಏಳುವುದೇ ಇಲ್ಲ. ನಿಮಗೆ ಆಗಿದ್ದು ಅದೇ. ಮೇಲಿಂದ ಮಿರ್ಚಿ! ಖಾರ, ಗ್ಯಾಸು, ಆಲ್ಕೋಹಾಲು ಮೂರೂ ಸೇರಿದರೆ ಉರಿ ಜಾಸ್ತಿಯಾಗುತ್ತದೆಯೇ ಹೊರತು ಇಳಿಯಲ್ಲ.

ಫ್ರೀಜರ್ ಬೇಡ. ತೀರಾ ತಣ್ಣಗಾದರೆ ಘಮ ಮೇಲೇಳಲ್ಲ. ಪಿಲ್ಸ್ನರ್ ಫ್ರಿಜ್ಜಿಂದ ಸೀದಾ ಕುಡಿಯಿರಿ, 5 ಡಿಗ್ರಿ ಆಸುಪಾಸು. ಸ್ಟೌಟ್, ಡುಬ್ಬೆಲ್ ಮಾತ್ರ 10ರಿಂದ 13 ಡಿಗ್ರಿ. ನಮ್ಮೂರಲ್ಲಿ ಹೊರಗೆ ತೆಗೆದು ಇಪ್ಪತ್ತು ನಿಮಿಷ ಬಿಡುತ್ತೇನೆ, ನಿಮ್ಮೂರ ಸೆಕೆಗೆ ಹತ್ತು ಸಾಕು. ಬಾಯಿ ತೊಳೆಯಲು ನೀರು, ಕಟಕ್ ರೊಟ್ಟಿ. ಉಪ್ಪಿಲ್ಲದ, ಖಾರವಿಲ್ಲದ ಒಣ ಜೋಳದ ರೊಟ್ಟಿಯ ಒಂದು ಚೂರು ಅಗಿದರೆ ಹಿಂದಿನ ರುಚಿ ಅಳಿಸಿಹೋಗುತ್ತದೆ. ಬೆಂಗಳೂರಲ್ಲಿ ಇದಕ್ಕೆ ಬ್ರೆಡ್ ಕೊಡ್ತಾರೆ. ರೊಟ್ಟಿ ಮುಂದೆ ಅದೇನೂ ಅಲ್ಲ. ಡುಬ್ಬೆಲ್ ಜೊತೆ ಅಮೀನಗಡ ಕರದಂಟು ಇಟ್ಟುಕೊಳ್ಳಿ, ಬೆಲ್ಲದ ವಾಸನೆಗೆ ಸರಿಯಾಗಿ ಕೂರುತ್ತದೆ.

ಐಪಿಎ ಅಂದ್ರೆ ಇಂಡಿಯಾ ಪೇಲ್ ಏಲ್, ಗೊತ್ತಿರಬಹುದು. ಇಂಗ್ಲೆಂಡಿನಿಂದ ಹಡಗಲ್ಲಿ ತಿಂಗಳುಗಟ್ಟಲೆ ಬರುವ ಬಿಯರು ಕೆಡದಿರಲಿ ಅಂತ ಹಾಪ್ಸ್ ಜಾಸ್ತಿ ಹಾಕುತ್ತಿದ್ದರು. 1818ರಲ್ಲಿ ಬೆಳಗಾವಿ ಕೋಟೆ ಬ್ರಿಟಿಷರ ಕೈಸೇರಿತು. ಆಮೇಲೆ ನಮ್ಮ ಕ್ಯಾಂಪಿಗೂ (ಇಲ್ಲಿನ ದಂಡು ಪ್ರದೇಶ) ಒಂದೆರಡು ಪೀಪಾಯಿ ಬಂದಿರಬೇಕು ಅಂತ ನನ್ನ ಊಹೆ. ಪುರಾವೆ ಕೇಳಬೇಡಿ.

ಟಿಳಕವಾಡಿ ಅಕ್ಕ (ಬೆಳಗಾವಿ):

ಫೌಂಡ್ರಿಯವರು ಬಹಳಷ್ಟು ಸರಿ ಹೇಳಿದ್ದಾರೆ. ಕರದಂಟಿನ ವಿಷಯ ಬಿಟ್ಟು. ಬಾಯಲ್ಲಿ ಬೆಲ್ಲ, ಅಂಟು ಇಟ್ಟುಕೊಂಡು ಯಾರಾದರೂ ರುಚಿ ನೋಡ್ತಾರಾ? ಎಲ್ಲಾ ಮುಗಿದ ಮೇಲೆ ತಿನ್ನಿ. ನಾನು ಆಹಾರ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಚುಚ್ಚಿ ಮಾತಾಡುವ ಅಭ್ಯಾಸ.

ಕಿಟಕಿ ಮೇಲೆ ಇಟ್ಟ ಬಾಟ್ಲಿಯ ಕಥೆ ಇದು: ಬೆಳಕು ಬಿದ್ದರೆ ಹಾಪ್ಸಿನ ಕಹಿ ಅಂಶ ಒಡೆದು ಗಂಧಕ ಇರುವ ಒಂದು ನಾರುವ ಪದಾರ್ಥ ಆಗುತ್ತದೆ. ಕಂದು ಗಾಜು ಆ ಬೆಳಕನ್ನು ಬಹಳಷ್ಟು ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯಲ್ಲ. ಮೂರು ದಿನ ಯಾಕೆ, ವಿಜಯಪುರದ ಬಿಸಿಲಿಗೆ ಒಂದು ಮಧ್ಯಾಹ್ನ ಸಾಕು. ಮಾಡಿದವರನ್ನು ಬಯ್ಯಬೇಡಿ.

ಬಾಳೆಹಣ್ಣಿನ ಘಮದ ಹೆಸರು ಐಸೊಅಮೈಲ್ ಅಸಿಟೇಟ್. ನಿಜವಾದ ಬಾಳೆಹಣ್ಣಲ್ಲೂ ಇರುವುದು ಅದೇ, ಅದಕ್ಕೇ ಮೂಗು ಮೋಸ ಹೋಗುತ್ತದೆ. ಇನ್ನು ಮಾಲ್ಟ್ ಕಂದಾಗುವುದನ್ನು ತಿಳಿಯೋಕೆ ಪುಸ್ತಕ ಬೇಡ, ಬೆಳಗಾವಿ ಕುಂದಾ ಕಾಯಿಸುವುದನ್ನು ನೋಡಿದರೆ ಸಾಕು. ಹಾಲು ಬತ್ತಿ, ಸಕ್ಕರೆ ಸೇರಿ, ತಳ ಕೆದಕುತ್ತಾ ಕೆದಕುತ್ತಾ ಬಣ್ಣ ತಿರುಗುತ್ತದಲ್ಲ, ಮಾಲ್ಟ್ ಹುರಿಯುವಾಗಲೂ ಅದೇ ಕ್ರಿಯೆ. 1912ರಲ್ಲಿ ಫ್ರಾನ್ಸಿನ ವಿಜ್ಞಾನಿ ಮೈಯಾರ್ ಅದನ್ನು ವಿವರಿಸಿದರು, ಆ ಕ್ರಿಯೆಗೆ ಹೆಸರೂ ಅವರದೇ. ಡುಬ್ಬೆಲ್ ಮೂಸಿದಾಗ ಲೇಬಲ್ ಮೇಲೆ ಬರೆದದ್ದನ್ನು ಹುಡುಕಬೇಡಿ. ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ಡಿಗೆ ಹೋಗಿದ್ದೀರಲ್ಲ? ಆ ವಾಸನೆ ನೆನಪು ಮಾಡಿಕೊಳ್ಳಿ.

ಲೋಟ ಗಾಜಿನದೇ ಇರಲಿ. ಸೋಪಿನ ಜಿಡ್ಡು ಒಂಚೂರೂ ಇರಬಾರದು, ನೊರೆ ತಕ್ಷಣ ಕೂತುಬಿಡುತ್ತದೆ. ಒಬ್ಬೊಬ್ಬರಿಗೆ 60 ಮಿ.ಲೀ. ಸಾಕು. ಬಾಟ್ಲಿಗೆ ಪೇಪರ್ ಸುತ್ತಿ, ಒಬ್ಬರು ಮಾತ್ರ ಸುರಿಯಿರಿ. ಮೂಸಿ, ಒಂದು ಗುಟುಕು ಕುಡಿದು, ಮಾತಾಡದೆ ಚೀಟಿಯಲ್ಲಿ ಬರೆಯಿರಿ. ಒಬ್ಬ "ಲವಂಗ" ಅಂದುಬಿಟ್ಟರೆ ಉಳಿದ ಮೂವರಿಗೂ ಲವಂಗವೇ ಬರುತ್ತದೆ, ನೋಡಿ.

ಕೊನೆಗೆ ಒಂದು ಆಟ. ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆ ಯಾವುದು ಹೇಳಿ. ನಮ್ಮ ಲ್ಯಾಬ್‌ನಲ್ಲಿ ಇದೇ ದಿನಚರಿ. ವಿಟ್‌ಬಿಯರ್, ಹೆಫೆವೈಜನ್ ಇಟ್ಟು ಆಡಿ.

ಮುಧೋಳ ಕಡೆಯವ:

ಅಕ್ಕಾ, ಜೋಳಕ್ಕೂ ಮೊಳಕೆ ಬರಿಸಬಹುದಲ್ಲ. ಮನೆಯಲ್ಲೇ ಜೋಳದ ಬಿಯರ್ ಮಾಡಿದರೆ?

ಟಿಳಕವಾಡಿ ಅಕ್ಕ:

ಆಫ್ರಿಕಾದ ಎಷ್ಟೋ ಕಡೆ ಜೋಳದ ಮಾಲ್ಟಿನಿಂದ ಬಿಯರ್ ಮಾಡುತ್ತಾರೆ, ಹಳೇ ಪದ್ಧತಿ. ಇಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ 1965ರ ಅಬಕಾರಿ ಕಾಯ್ದೆ ಇದೆ. ರೊಟ್ಟಿ ತಟ್ಟಿ ಸುಮ್ನೆ ಇರಿ.

ಗುಮ್ಮಟದ ನೆರಳು:

ವರದಿ ಕೊಡುತ್ತಿದ್ದೇನೆ. ಶನಿವಾರ ರಾತ್ರಿ ಅದೇ ನಾಲ್ಕು ಜನ, ಅದೇ ಮಾಳಿಗೆ. ಗಾಜಿನ ಲೋಟ ಪಕ್ಕದ ಮನೆಯಿಂದ ತಂದೆ. ಮಿರ್ಚಿ ಇಲ್ಲ ಅಂತ ಒಬ್ಬ ಮುನಿಸಿಕೊಂಡ. ಸುರಿಯುವ ಕೆಲಸ ಭಾವಮೈದನದು.

ಪಿಲ್ಸ್ನರ್ ಈ ಸಲ ಫ್ರಿಜ್ಜಲ್ಲೇ ಇತ್ತು. ದೀಪಕ್ಕೆ ಹಿಡಿದರೆ ಹೊಸ ಜೇನಿನ ಬಣ್ಣ, ಆಚೆ ಕಡೆ ಕೂತವನ ಮುಖ ಕಾಣುವಷ್ಟು ತಿಳಿ. ಕಹಿ ಇತ್ತು, ಆದರೆ ಚೊಕ್ಕ ಕಹಿ, ನುಂಗಿದ ಮೇಲೆ ಬಾಯಿ ಒಣಗಿಸಿ ಹೋಗುವಂಥದ್ದು. ನಾನು ಚೀಟಿಯಲ್ಲಿ "ಹಸಿ ಹುಲ್ಲು" ಅಂತ ಬರೆದೆ. ಹೆಫೆವೈಜನ್‌ಗೆ ನಾಲ್ಕರಲ್ಲಿ ಮೂರು ಚೀಟಿಯಲ್ಲಿ ಬಾಳೆಹಣ್ಣು. ನಾಲ್ಕನೆಯವನು ಬರೆದದ್ದು "ಸತ್ಯನಾರಾಯಣ ಪೂಜೆ ಸಪಾದ". ಮೊದಲು ನಕ್ಕೆವು. ಆಮೇಲೆ ಮತ್ತೆ ಮೂಸಿದರೆ ಹೌದಲ್ಲ! ಕಳಿತ ಬಾಳೆಹಣ್ಣು, ಗೋಧಿ, ಒಂದಿಷ್ಟು ಮಸಾಲೆ. ಅವನದೇ ಸರಿಯಾದ ಉತ್ತರ ಅಂತ ನನ್ನ ತೀರ್ಪು.

ಡುಬ್ಬೆಲ್‌ಗೆ ಒಣದ್ರಾಕ್ಷಿ ಸಿಕ್ಕಿತು. ಅಕ್ಕ ಮೊದಲೇ ಹೇಳಿದ್ದಕ್ಕೆ ಸಿಕ್ಕಿತೋ, ನಿಜಕ್ಕೂ ಇತ್ತೋ, ಗೊತ್ತಿಲ್ಲ. ಕರದಂಟನ್ನು ಕೊನೆಗೇ ತಿಂದೆವು, ಫೌಂಡ್ರಿಯವರು ಕ್ಷಮಿಸಬೇಕು. ಸ್ಟೌಟ್ ಫ್ರಿಜ್ಜಿಂದ ತೆಗೆದ ಕೂಡಲೇ ಒಂದು ಗುಟುಕು, ಹತ್ತು ನಿಮಿಷ ಬಿಟ್ಟು ಇನ್ನೊಂದು ಗುಟುಕು ಕುಡಿದೆ. ಮೊದಲ ಸಲ ಬರೀ ಸುಟ್ಟ ಕಹಿ. ಎರಡನೇ ಸಲ ಕಾಫಿ ಬೀಜ ಹುರಿಯುವ ಬಾಣಲೆಯ ವಾಸನೆ, ಹಿಂದೆ ಎಲ್ಲೋ ಚಾಕೊಲೇಟ್. ಒಂದೇ ಲೋಟ, ಒಂದೇ ಬಾಟ್ಲಿ!

ಮೂರು ಲೋಟದ ಆಟದಲ್ಲಿ ನಾಲ್ವರಲ್ಲಿ ಒಬ್ಬನೇ ಗೆದ್ದ, ಸಪಾದದವನು. ನಾನು ಧೈರ್ಯವಾಗಿ ತಪ್ಪು ಲೋಟ ಎತ್ತಿ ತೋರಿಸಿದೆ.

ಐಪಿಎ ಕೊನೆಗೆ ಬಂತು. ಮೂಸಿದರೆ ಮಾವಿನಹಣ್ಣು, ನಿಂಬೆ ಸಿಪ್ಪೆ. ಕುಡಿದರೆ ಹಾಗಲಕಾಯಿ. ನನಗೆ ಈಗಲೂ ಇಷ್ಟ ಆಗಲಿಲ್ಲ, ಆದರೆ ಯಾಕೆ ಇಷ್ಟ ಆಗಲಿಲ್ಲ ಅಂತ ಈಗ ಹೇಳಬಲ್ಲೆ.

ಬೆಳಿಗ್ಗೆ ಅವ್ವ ಲೋಟ ತೊಳೆಯೋಕೆ ತೆಗೆದುಕೊಂಡಳು. ಅವಳು ಜನ್ಮದಲ್ಲಿ ಇದನ್ನು ಮುಟ್ಟಿದವಳಲ್ಲ, ನನಗೆ ಬೈಗುಳ ಖಾತ್ರಿ ಅಂತ ಮೂಲೆಯಲ್ಲಿ ನಿಂತಿದ್ದೆ. ಒಂದು ಲೋಟ ಮೂಗಿನ ಹತ್ತಿರ ಹಿಡಿದು "ಇದರಾಗ ಕೊತ್ತಂಬರಿ ಬೀಜ ಯಾಕ ಹಾಕ್ಯಾರ?" ಅಂದಳು. ಅದು ವಿಟ್‌ಬಿಯರ್ ಲೋಟ. ನಾವು ನಾಲ್ವರೂ ಆ ಚೀಟಿಯಲ್ಲಿ ಬರೆದದ್ದು "ನಿಂಬೆ".

ಚೀಟಿಗಳನ್ನು ಅಂಗಡಿಯ ಬಿಲ್ ಬುಕ್ಕಿನಲ್ಲಿ ಇಟ್ಟುಕೊಂಡಿದ್ದೇನೆ. ಅಕ್ಕಾ, ಮುಂದಿನ ಸಲಕ್ಕೆ ಬರೀ ಗೋಧಿ ಬಿಯರು ನಾಲ್ಕು ಬಗೆ ತರಿಸಿದರೆ ಸರದಿ ಹೇಗಿರಬೇಕು?